ಹಗ್ಗ ಕೊಟ್ಟ ಅಣ್ಣನಿಗೆ

ಮೊನ್ನೆ ಫೀಲ್ಡ್‌ವರ್ಕ್ ನಡುವೆ ನಮ್ಮ ಅಳತೆ ಟೇಪು ತುಂಡಾಯಿತು. ಮರದ ನೆರಳಿನಿಂದ ಬಯಲಿನವರೆಗೆ 5 ಮೀಟರಿಗೊಂದು ಚೌಕ ಹಾಕಿ ಗಿಡ ಎಣಿಸಬೇಕಿತ್ತು. ಮೋಡ ಬೇರೆ ಕವಿದಿತ್ತು. ನನಗೆ ಅಳುವೇ ಬಂತು.

ದಾರಿಯಲ್ಲಿ ಹೋಗುತ್ತಿದ್ದ ನೀವು ತಲೆಹೊರೆ ಇಳಿಸಿದಿರಿ. ಅದರ ಹಗ್ಗ ಬಿಚ್ಚಿ, ಉಳಿದ ಟೇಪಿನ ಪಕ್ಕ ಹಿಡಿದು, ಮೀಟರಿಗೊಂದು ಗಂಟು ಹಾಕಿದಿರಿ. ಕೊನೆಯ ಚೌಕದವರೆಗೂ ಒಂದು ತುದಿ ಹಿಡಿದೇ ನಿಂತಿರಿ. ಎದೆ ಹಗುರಾಯಿತು.

ಮರದ ಬುಡದಲ್ಲಿ ಬೇರೆ ಜಾತಿಯ ಸಸಿಗಳೇ ಜಾಸ್ತಿ ಇದ್ದವು. ಯಾಕೆ ಅಂತ ಹೊಳೆಯಲಿಲ್ಲ. ನೀವು ಸುಮ್ನೆ ಕೊಂಬೆಯತ್ತ ಬೆರಳು ತೋರಿಸಿದಿರಿ. ಹಕ್ಕಿಗಳು! ಬೇರೆಲ್ಲೋ ಹಣ್ಣು ತಿಂದು ಇಲ್ಲಿ ಬಂದು ಕೂರುತ್ತವೆ, ಹಿಕ್ಕೆಯ ಜೊತೆ ಬೀಜವೂ ಬೀಳುತ್ತದೆ, ಅಲ್ವಾ? ನಮ್ಮ ಎಣಿಕೆಗೆ ಆಗಲೇ ಅರ್ಥ ಬಂದದ್ದು.

ಹೆಸರು ಕೇಳುವಷ್ಟರಲ್ಲಿ ಹೊರೆ ಕಟ್ಟಿಕೊಂಡು ಹೊರಟುಬಿಟ್ಟಿರಿ. ತುಂಬಾ ಥ್ಯಾಂಕ್ಸ್ ಅಣ್ಣಾ.