ಹಿಮ್ಮೇಳದವರ ಹೆಸರನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಷಿಕಾಗೊದ ‘ಇಂಪ್ರೆಷನ್ಸ್’ ಎಂಬ ‘ಸೋಲ್’ (ಅಲ್ಲಿನ ಕಪ್ಪುಜನರ ಒಂದು ಸಂಗೀತ ಪ್ರಕಾರ) ಗಾಯನ ತಂಡದ ಮೊದಮೊದಲ ಹಾಡುಗಳ ಸಂಕಲನವನ್ನು ಕುರಿತು ಕಳೆದ ವಾರದ ಪುರವಣಿಯಲ್ಲಿ ಬಂದ ಟಿಪ್ಪಣಿಯನ್ನು ಸಂತೋಷದಿಂದ ಓದಿದೆ. ಆದರೆ ಅದರಲ್ಲಿ ತಂಡವೆಂದರೆ ಗಾಯಕ ಕರ್ಟಿಸ್ ಮೇಫೀಲ್ಡ್ ಒಬ್ಬರೇ ಎಂಬಂತಿರುವುದು ಸರಿಯಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ.

1958ರಲ್ಲಿ ತಂಡಕ್ಕೆ ಹೆಸರು ತಂದ ‘ಫಾರ್ ಯುವರ್ ಪ್ರೆಷಸ್ ಲವ್’ ಹಾಡಿನಲ್ಲಿ ಮುಂದೆ ನಿಂತು ಹಾಡಿದವರು ಜೆರ್ರಿ ಬಟ್ಲರ್. ಆಗಿನ್ನೂ ಹದಿಹರೆಯದಲ್ಲಿದ್ದ ಮೇಫೀಲ್ಡ್ ಗಿಟಾರ್ ನುಡಿಸುತ್ತ ಹಿಂದಿನಿಂದ ದನಿಗೂಡಿಸುತ್ತಿದ್ದರು. ತಂಡದ ಉಳಿದ ಮೂವರು, ಸ್ಯಾಮ್ ಗೂಡನ್ ಹಾಗೂ ಆರ್ಥರ್ ಮತ್ತು ರಿಚರ್ಡ್ ಬ್ರೂಕ್ಸ್ ಸೋದರರು, ಟೆನ್ನೆಸ್ಸಿಯ ಚಾಟನೂಗಾದಿಂದ ಬಂದವರು. ಬಟ್ಲರ್ ಜೊತೆ ಸೇರಿ ಆ ಹಾಡನ್ನು ಬರೆದವರೂ ಈ ಸೋದರರೇ. ಹೀಗಿದ್ದೂ ರೆಕಾರ್ಡಿನ ಮೇಲೆ ‘ಜೆರ್ರಿ ಬಟ್ಲರ್ ಮತ್ತು ಇಂಪ್ರೆಷನ್ಸ್’ ಎಂದು ಒಬ್ಬರ ಹೆಸರನ್ನಷ್ಟೇ ಬೇರೆ ಮಾಡಿ ಅಚ್ಚು ಹಾಕಿದ್ದು ಗೆಳೆಯರ ನಡುವೆ ಮನಸ್ತಾಪಕ್ಕೆ ಕಾರಣವಾಯಿತು. ಬಟ್ಲರ್ ಬೇಗನೆ ತಂಡ ಬಿಟ್ಟರು. ಅವರ ಜಾಗಕ್ಕೆ ಫ್ರೆಡ್ ಕ್ಯಾಶ್ ಬಂದರು, 1961ರ ‘ಜಿಪ್ಸಿ ವುಮನ್’ ಹಾಡಿನಿಂದ ಮೇಫೀಲ್ಡ್ ಮುಂದಾಳಾದರು, ಬ್ರೂಕ್ಸ್ ಸೋದರರೂ ಹೊರಟ ಮೇಲೆ ಮೂವರೇ ಉಳಿದರು.

ಆ ಮೂವರ ‘ಇಟ್ಸ್ ಆಲ್ ರೈಟ್’ (1963) ಹಾಡನ್ನು ಗಮನವಿಟ್ಟು ಕೇಳಬೇಕು. ಮೇಫೀಲ್ಡ್ ಅವರ ತೆಳುವಾದ ಎತ್ತರದ ದನಿ ಒಂದು ಸಾಲನ್ನು ಎತ್ತಿಕೊಂಡರೆ, ಉಳಿದಿಬ್ಬರು ಅದರ ಕೊನೆಯನ್ನು ಹಿಡಿದು ಮುಂದಕ್ಕೆ ಒಯ್ಯುತ್ತಾರೆ. ಗೂಡನ್ ಅವರ ತಗ್ಗಿನ ದನಿ ಕೆಳಗಿನಿಂದ ಆಧಾರ ಕೊಡುತ್ತದೆ. ಚರ್ಚಿನ ಹಾಡಿಕೆಯಿಂದ ಬಂದ ಈ ಕ್ರಮವನ್ನು ಮೊದಲು ಕೇಳಿದಾಗ, ಮಳವಳ್ಳಿ ಸೀಮೆಯಲ್ಲಿ ಬೆಳೆದ ನನಗೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ನೆನಪಾದರು. ಮುಮ್ಮೇಳದವರು ಕಥೆಯನ್ನು ನಡೆಸುವಾಗ ಹಿಮ್ಮೇಳದವರು ಸೊಲ್ಲು ಎತ್ತಿಕೊಡದಿದ್ದರೆ ರಾತ್ರಿಯಿಡೀ ಆ ಕಥೆ ನಿಲ್ಲುವುದಾದರೂ ಹೇಗೆ?

ಹಲವು ವರ್ಷಗಳ ಹಿಂದೆ ಮೈಸೂರಿನ ದೇವರಾಜ ಮಾರುಕಟ್ಟೆಯ ಬಳಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಈ ತಂಡದ ಆರಂಭದ ಹಾಡುಗಳ ಸಿಡಿಯೊಂದು ನನಗೆ ಸಿಕ್ಕಿತು. ಅದರ ಹೊದಿಕೆಯ ಮೇಲೆ ಮೂವರ ಚಿತ್ರವಿದೆ, ಒಳಗಿನ ಅರ್ಧದಷ್ಟು ಹಾಡುಗಳು ಐವರು ಹಾಡಿದವು. ಯಾವ ಹಾಡು ಯಾವ ವರ್ಷದ್ದು, ಮುಂದೆ ಹಾಡಿದವರು ಯಾರು ಎಂಬ ಒಂದೇ ಒಂದು ಸಾಲೂ ಇಲ್ಲ. ಬಟ್ಲರ್ ಅವರ ತುಂಬುದನಿಯನ್ನು ಮೇಫೀಲ್ಡ್ ಅವರದೆಂದೇ ನಾನು ಬಹುಕಾಲ ನಂಬಿದ್ದೆ. ಆರಂಭದ ಧ್ವನಿಮುದ್ರಣಗಳನ್ನು ಒಟ್ಟುಗೂಡಿಸುವುದೇ ತಂಡವೊಂದು ರೂಪುಗೊಂಡ ಬಗೆಯನ್ನು ತೋರಿಸಲಿಕ್ಕಾಗಿರುವಾಗ, ಇಷ್ಟು ವಿವರವನ್ನೂ ಕೊಡದ ಸಂಕಲನವನ್ನು ಅರೆಬರೆ ಕೆಲಸವೆಂದೇ ಹೇಳಬೇಕಾಗುತ್ತದೆ.

ನಮ್ಮ ಮನೆಯಲ್ಲಿರುವ ಮಂಟೇಸ್ವಾಮಿ ಕಥೆಯ ಕ್ಯಾಸೆಟ್ಟಿನ ಮೇಲೂ ಮುಖ್ಯ ಗಾಯಕರೊಬ್ಬರ ಹೆಸರಷ್ಟೇ ಇದೆ. ಆದ್ದರಿಂದ ಮುಂದೆ ಯಾವ ಸಂಗೀತ ಸಂಕಲನದ ಪರಿಚಯ ಪ್ರಕಟಿಸಿದರೂ, ಅದು ಷಿಕಾಗೊದ್ದಾಗಲಿ ಮಳವಳ್ಳಿಯದ್ದಾಗಲಿ, ಧ್ವನಿಮುದ್ರಣದ ವರ್ಷವನ್ನೂ ಹಿಮ್ಮೇಳದವರ ಹೆಸರುಗಳನ್ನೂ ಸೇರಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಮೈಸೂರು