ಮ್ಯುವಾನ್ ಚಿತ್ರದ ಜೊತೆ ಎಣಿಕೆಯ ವಿವರವೂ ಇರಲಿ

ಮಾನ್ಯ ಸಂಪಾದಕರೇ,

ಮ್ಯುವಾನ್ ಕಣಗಳ ನೆರವಿನಿಂದ ಪಿರಮಿಡ್ಡು, ಜ್ವಾಲಾಮುಖಿಗಳ ಒಳಭಾಗವನ್ನು ನೋಡಿದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಅದನ್ನು ‘ಎಕ್ಸ್‌ರೇ’ ಎಂದು ಕರೆದು, ಬಣ್ಣದ ಚಿತ್ರವೊಂದನ್ನು ಹಾಕಿ ಮುಗಿಸುತ್ತವೆ. ಆ ಚಿತ್ರ ಎಷ್ಟು ಕಾಲ ಕಣಗಳನ್ನು ಎಣಿಸಿದ್ದರಿಂದ ಮೂಡಿತೆಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಭಾಗಕ್ಕೆ ಅಪ್ಪಳಿಸಿದಾಗ ಹುಟ್ಟುವ ಈ ಕಣಗಳು ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ. ದಪ್ಪ ಕಲ್ಲನ್ನು ದಾಟುವುದು ಹೆಚ್ಚಿನ ಶಕ್ತಿಯುಳ್ಳ ಕೆಲವಕ್ಕೆ ಮಾತ್ರ ಸಾಧ್ಯ. ಕಟ್ಟಡದ ಕೆಳಗೋ ಪಕ್ಕದಲ್ಲೋ ಇಟ್ಟ, ಕಣಗಳನ್ನು ಗುರುತಿಸುವ ಶೋಧಕದ ಎರಡು ಮೂರು ಪದರಗಳಲ್ಲಿ ಕಣ ಹಾದ ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಅದು ಬಂದ ದಿಕ್ಕು ಗೊತ್ತಾಗುತ್ತದೆ. ಯಾವ ದಿಕ್ಕಿನಿಂದ ನಿರೀಕ್ಷೆಗಿಂತ ಹೆಚ್ಚು ಕಣಗಳು ಬಂದವೋ ಆ ಕಡೆ ಕಲ್ಲು ಕಡಿಮೆ ಇದೆಯೆಂದು ತಿಳಿಯಬೇಕು. ಒಂದೇ ಜಾಗದಿಂದ ಎಣಿಸಿದರೆ ಟೊಳ್ಳು ಹತ್ತಿರವಿದೆಯೋ ದೂರವಿದೆಯೋ ಹೇಳಲಾಗದು. ಒಂದು ದಿಕ್ಕಿನಲ್ಲಿ 100 ಕಣ ಸಿಕ್ಕರೆ ಆಕಸ್ಮಿಕ ಏರುಪೇರೇ ಸುಮಾರು 10, ಅಂದರೆ ಶೇ 10ರಷ್ಟಿರುತ್ತದೆ. ಅದನ್ನು ಶೇ 1ಕ್ಕೆ ಇಳಿಸಲು 10,000 ಕಣಗಳು ಬೇಕು, ಅದೇ ಉಪಕರಣವಾದರೆ ನೂರು ಪಟ್ಟು ಹೆಚ್ಚು ಕಾಲ ಕಾಯಬೇಕು.

ಈಜಿಪ್ಟಿನ ಖುಫು ಪಿರಮಿಡ್ಡಿನೊಳಗೆ ಕನಿಷ್ಠ 30 ಮೀಟರ್ ಉದ್ದದ ಟೊಳ್ಳಿದೆಯೆಂದು 2017ರಲ್ಲಿ ಪ್ರಕಟವಾದ ವರದಿಗೆ ತೂಕ ಬಂದದ್ದು ಎಮಲ್ಷನ್ ಫಲಕ (ಕಣದ ಜಾಡು ಮೂಡುವ ಫೋಟೋ ಫಿಲ್ಮಿನಂಥದ್ದು), ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು), ಅನಿಲ ಶೋಧಕಗಳೆಂಬ ಮೂರು ಬಗೆಯ ಉಪಕರಣಗಳು ಅದೇ ಜಾಗವನ್ನು ತೋರಿಸಿದ್ದರಿಂದ. ಅದು ಕೋಣೆಯೋ, ಕಟ್ಟುವಾಗ ಬಿಟ್ಟ ಖಾಲಿ ಜಾಗವೋ ಎಂಬುದನ್ನು ಮ್ಯುವಾನ್ ಹೇಳಲಾರದು. ನಮ್ಮ ತಲೆಬರಹಗಳು ಮಾತ್ರ ಧಾರಾಳವಾಗಿ ಹೇಳಿಬಿಡುತ್ತವೆ. ಅದೇ ಪಿರಮಿಡ್ಡಿನ ಉತ್ತರ ಮುಖದ ಹಿಂದಿದ್ದ ಸುಮಾರು 9 ಮೀಟರ್ ಉದ್ದದ ಓಣಿಯನ್ನಾದರೆ 2023ರಲ್ಲಿ ಕಲ್ಲುಗಳ ಸಂದಿಯೊಳಗೆ ತೆಳುವಾದ ಕ್ಯಾಮೆರಾ ತೂರಿಸಿ ಕಣ್ಣಾರೆ ನೋಡಲಾಯಿತು.

ಏನೂ ಸಿಗದ ಎಣಿಕೆಗೂ ಬೆಲೆಯಿದೆ. ಖಫ್ರೆ ಪಿರಮಿಡ್ಡಿನ ತಾವು ಪರಿಶೀಲಿಸಿದ ಭಾಗದಲ್ಲಿ ಗುಪ್ತ ಕೋಣೆಗಳಿಲ್ಲವೆಂದು ಭೌತವಿಜ್ಞಾನಿ ಲೂಯಿ ಅಲ್ವಾರೆಜ್ ಮತ್ತು ಸಂಗಡಿಗರು 1970ರಲ್ಲೇ ತಿಳಿಸಿದ್ದರು. ಅಪಘಾತದ ನಂತರ ಮನುಷ್ಯರು ಒಳಹೋಗಲಾಗದ, ಜಪಾನಿನ ಫುಕುಶಿಮಾ ಅಣುಸ್ಥಾವರದ 1ನೇ ರಿಯಾಕ್ಟರಿನಲ್ಲಿ 2015ರಲ್ಲಿ ಹೀಗೆ ಎಣಿಸಿದಾಗ ಇಂಧನ ಇರಬೇಕಾದ ಜಾಗ ಬಹುಪಾಲು ಖಾಲಿಯಾಗಿ ಕಂಡಿತು. ಅದು ಕರಗಿ ಕೆಳಗಿಳಿದಿದೆಯೆಂಬ ಅಂದಾಜಿಗೆ ಇದರಿಂದ ಬಲ ಬಂತು.

ಎಣಿಕೆ ಎಷ್ಟು ದಿನ ನಡೆಯಿತು, ಎಷ್ಟು ಜಾಗಗಳಿಂದ ನಡೆಯಿತು, ಬೇರೆ ಉಪಕರಣದಿಂದ ತಾಳೆ ನೋಡಲಾಯಿತೇ ಎಂಬುದನ್ನು ಚಿತ್ರದ ಅಡಿಬರಹದಲ್ಲೇ ಎರಡು ಸಾಲಿನಲ್ಲಿ ಕೊಡಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ