ಮತಗಳ ಲೆಕ್ಕ ಕಾಯ್ದವರಿಗೆ

ಶಿರಸಿ ಸುತ್ತಲಿನ ಅಡಿಕೆ ಬೆಳೆಗಾರರಿಗಾಗಿ ನಾವು ರೂಪಿಸಿದ ಪ್ರಶ್ನೋತ್ತರದ ಆ್ಯಪ್ ಒಂದು ಇಡೀ ಮಳೆಗಾಲವನ್ನು ದಾಟಿದೆ. ಅದರ ಕಷ್ಟಸುಖಗಳನ್ನು ಹತ್ತಿರದಿಂದ ಕಂಡಿರುವ ನಿಮಗೆ ಎಲ್ಲವನ್ನೂ ಮತ್ತೆ ವಿವರಿಸಬೇಕಾಗಿಲ್ಲ. ಆದರೆ ಉತ್ತರಗಳ ಕೆಳಗಿನ ಮತದ ಗುಂಡಿಗಳು ಈಗಿನ ರೂಪಕ್ಕೆ ಬಂದದ್ದು ಯಾರಿಂದ ಎಂಬುದನ್ನು ನಾನು ಎಲ್ಲರೆದುರು ಹೇಳಲೇಬೇಕು.

ನಾವೆಲ್ಲ ಅಕ್ಕ ಎಂದೇ ಕರೆಯುವ, ಹುಲೇಕಲ್ ಕಡೆಯ ಆ ತೋಟಗಾರ್ತಿಗೆ ನನ್ನ ಮೊದಲ ನಮಸ್ಕಾರ. ಆರಂಭದ ವಿನ್ಯಾಸದಲ್ಲಿ ಒಂದರ ಮೇಲೊಂದು ಎರಡು ಸಣ್ಣ ಬಾಣಗಳಿದ್ದವು. ಅಕ್ಕ ಆ ಫೋನನ್ನು ಅಡಿಕೆ ಸುಲಿಯುತ್ತಿದ್ದವರ ಕೈಗೆ ಕೊಟ್ಟು, ಚೊಗರಿನಿಂದ ಕಪ್ಪಾದ ಹೆಬ್ಬೆರಳು ಎರಡೂ ಬಾಣಗಳನ್ನು ಒಟ್ಟಿಗೇ ಮುಚ್ಚುವುದನ್ನು ನಮಗೆ ತೋರಿಸಿದರು. ವೆಬ್ ಸುಗಮ್ಯತೆಯ, ಅಂದರೆ ಅಂಗವಿಕಲರೂ ಸೇರಿ ಎಲ್ಲರೂ ಸುಲಭವಾಗಿ ಬಳಸುವಂತಿರಬೇಕೆಂಬ, 2023ರ ಮಾರ್ಗಸೂಚಿ ಒತ್ತುವ ಜಾಗಕ್ಕೆ ಕನಿಷ್ಠ 24 ಪಿಕ್ಸೆಲ್ ಅಳತೆ ಹೇಳುತ್ತದೆ. ಒದ್ದೆ ಕೈಗೆ ಅದು ಸಾಲದೆಂದು ನಾವು ಅದರ ಎರಡರಷ್ಟು ಇಟ್ಟೆವು. ಕೆಂಪು, ಹಸಿರುಗಳ ವ್ಯತ್ಯಾಸ ಎಲ್ಲರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ಬಣ್ಣವೊಂದನ್ನೇ ನೆಚ್ಚದೆ, ‘ಉಪಯೋಗವಾಯಿತು’, ‘ನಮ್ಮಲ್ಲಿ ಫಲಿಸಲಿಲ್ಲ’ ಎಂದು ಅಕ್ಕನ ಮಾತುಗಳಲ್ಲೇ ಬರೆದು ಗುಂಡಿಗಳನ್ನು ದೂರ ದೂರ ಇರಿಸಿದೆವು.

ಆಷಾಢದ ಆ ರಾತ್ರಿ ನಿಮಗೆಲ್ಲ ಗೊತ್ತು. ನೆಟ್‌ವರ್ಕ್ ಇಲ್ಲದೆ ಫೋನುಗಳಲ್ಲೇ ಉಳಿದಿದ್ದ ಮತಗಳು, ಸಂಪರ್ಕ ಮರಳಿದೊಡನೆ ಮತ್ತೆ ಮತ್ತೆ ಬಂದು ಸೇರಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಕಡಿಮೆ ಹಾಕಿದರೂ ನಡೆದೀತೆಂಬ ಉತ್ತರವನ್ನು ಎಲ್ಲಕ್ಕಿಂತ ಮೇಲಕ್ಕೇರಿಸಿದ್ದವು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ಶೇ. 1ರ ದ್ರಾವಣದ ಅಳತೆ. ಸುಣ್ಣ ಕಡಿಮೆಯಾದರೆ ಎಲೆಯೂ ಅಡಿಕೆ ಗೊನೆಯೂ ಸುಡಬಹುದು. ಬೆಳಗಾದರೆ ಯಾರಾದರೂ ಅದನ್ನು ನಂಬಿ ಔಷಧಿ ಹೊಡೆದಾರೆಂಬ ಭಯದಲ್ಲಿ ನನ್ನ ಕೈ ನಡುಗುತ್ತಿತ್ತು. ಎಲ್ಲ ಮತಗಳನ್ನೂ ಅಳಿಸಿ ಆ್ಯಪ್ ಮುಚ್ಚಿಬಿಡೋಣ ಎಂದು ಹೇಳುವಾಗ ಅಳು ತಡೆಯಲಾಗಲಿಲ್ಲ. ಅಕ್ಕ ಮೊದಲು ಆ ಉತ್ತರವನ್ನು ಮರೆಮಾಡಿಸಿದರು. ಆಮೇಲೆ, “ತಮಾ, ಯಾರೋ ಮಳೆಯಲ್ಲಿ ನಿಂತು ಒತ್ತಿದ ಮತ ಅದು. ಅಳಿಸಲೆ ನಾವ್ಯಾರು?” ಎಂದು ಕೇಳಿ ನನ್ನ ಪಕ್ಕದಲ್ಲೇ ಕುಳಿತರು. ಕರೆಂಟು ಹೋಗಿ ಬಂದು ಮಾಡುತ್ತಿದ್ದ ಆ ರಾತ್ರಿಯಿಡೀ ಅವರು ದಾಖಲೆಯ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋದರು. ಒಂದೇ ಫೋನಿನಿಂದ ಒಂದೇ ಉತ್ತರಕ್ಕೆ ಬಂದವುಗಳಲ್ಲಿ ಕೊನೆಯದೊಂದನ್ನು ಉಳಿಸಿ ಉಳಿದವನ್ನು ನಾನು ತೆಗೆದೆ. ಈಗ ಪ್ರತಿ ಮತಕ್ಕೂ ಫೋನಿನಲ್ಲೇ ಒಂದು ಗುರುತು ಅಂಟಿಕೊಳ್ಳುವುದರಿಂದ, ಅದು ಎಷ್ಟು ಬಾರಿ ಬಂದರೂ ಒಂದೇ ಆಗಿ ಎಣಿಕೆಯಾಗುತ್ತದೆ.

ಹೊಸ ಉತ್ತರದ ಮತಸಂಖ್ಯೆಯನ್ನು ಮೊದಲ ದಿನ ತೋರಿಸಬಾರದೆಂದು ಹಟ ಹಿಡಿದವರೂ ಅಕ್ಕನೇ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಚ್ನಿಕ್, ಅರಲ್ ಮತ್ತು ಟೇಲರ್ ಪ್ರಕಟಿಸಿದ ಪ್ರಯೋಗದಲ್ಲಿ, ಸಂಶೋಧಕರೇ ಹಾಕಿದ ಒಂದು ಮೆಚ್ಚುಗೆಯ ಮತವು ಮುಂದಿನವರು ಮೆಚ್ಚುವ ಸಾಧ್ಯತೆಯನ್ನು ಶೇ. 32ರಷ್ಟು ಹೆಚ್ಚಿಸಿತ್ತು. ಅಕ್ಕ ಅದನ್ನು ಓದಿದವರಲ್ಲ; ಊರಿನ ಸಭೆಯಲ್ಲಿ ಮೊದಲು ಎದ್ದ ಕೈಯ ಹಿಂದೆ ಉಳಿದ ಕೈಗಳು ಏಳುವುದನ್ನು ಕಂಡವರು. ಉತ್ತರಗಳನ್ನು ಮೇಲೆ ಕೆಳಗೆ ಜೋಡಿಸಲು ನಾವು ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ, ಮತಗಳು ಕಡಿಮೆಯಿದ್ದಾಗ ಮೆಚ್ಚುಗೆಯ ಪ್ರಮಾಣವನ್ನು ಪೂರ್ತಿ ನೆಚ್ಚದ ಸೂತ್ರವನ್ನು ಬಳಸುತ್ತಿದ್ದೇವೆ. ಅದರಂತೆ 2ರಲ್ಲಿ 2 ಮೆಚ್ಚುಗೆ ಪಡೆದ ಉತ್ತರವು 44ರಲ್ಲಿ 40 ಪಡೆದದ್ದರ ಮೇಲೆ ಕೂರುವುದಿಲ್ಲ.

ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದೊಂದಿಗೆ ಪ್ರತಿ ಗುಂಡಿಯನ್ನೂ ಪರೀಕ್ಷಿಸಿದ ಕುಮಟಾದ ವಿದ್ಯಾರ್ಥಿಗೆ, ಸರ್ವರ್ ನೋಡಿಕೊಂಡ ಕಾರವಾರದ ಗೆಳೆಯರಿಗೆ, ಯಲ್ಲಾಪುರ, ಸಿದ್ದಾಪುರಗಳಲ್ಲಿ ತಪ್ಪದೆ ಮತ ಹಾಕಿದ ಬೆಳೆಗಾರರಿಗೆ ಮತ್ತು ನಮ್ಮ ಮನೆಯವರಿಗೆ ಹೃತ್ಪೂರ್ವಕ ಧನ್ಯವಾದಗಳು.

ಅಕ್ಕ ಕೇಳಿದ ಒಂದು ಬದಲಾವಣೆ ಇನ್ನೂ ಬಾಕಿಯಿದೆ. ಕೊಳೆರೋಗದ ಔಷಧಿ ಫಲಿಸಿತೋ ಇಲ್ಲವೋ ಎಂಬುದು ತಿಳಿಯಲು ವಾರಗಳು ಬೇಕಾಗುವುದರಿಂದ, ಮತ ಹಾಕಿದವರನ್ನು ಆಮೇಲೆ ಇನ್ನೊಮ್ಮೆ ಕೇಳಿ, ಅಭಿಪ್ರಾಯ ಬದಲಿಸಲು ಅವಕಾಶ ಕೊಡಬೇಕೆಂಬುದು ಅವರ ಬೇಡಿಕೆ. ದೀಪಾವಳಿ ಕಳೆದೊಡನೆ ಆ ಕೆಲಸ ಹಿಡಿಯುತ್ತೇವೆ. ಮೊದಲ ಪರೀಕ್ಷೆ ಅಕ್ಕನ ಮನೆಯ ಜಗಲಿಯಲ್ಲೇ ನಡೆಯಲಿದೆ.